ಇಲಿಯ ಇಡೀ ಮಿದುಳು, ಲೈಟ್‌ಶೀಟ್ ಲೇಸರ್: ಪಟ್ಟೆಪಟ್ಟೆ ನೆರಳು, ಅಂಚಿನಲ್ಲಿ ಮಸುಕು

ಪದರಬೆಳಕು (ಪ್ರಶ್ನೆ)

ಇಲಿಯ ಮಿದುಳನ್ನು ಐಡಿಸ್ಕೊ ಎಂಬ ರಾಸಾಯನಿಕ ಕ್ರಮದಲ್ಲಿ ಪಾರದರ್ಶಕ ಮಾಡಿ ಲೈಟ್‌ಶೀಟ್ ಸೂಕ್ಷ್ಮದರ್ಶಕದಲ್ಲಿ (ತೆಳು ಹಾಳೆಯಂಥ ಲೇಸರ್ ಬೆಳಕನ್ನು ಪಕ್ಕದಿಂದ ಹಾಯಿಸಿ ಪದರಪದರವಾಗಿ ನೋಡುವ ಉಪಕರಣ) ಚಿತ್ರ ತೆಗೆಯುತ್ತಿದ್ದೇವೆ. ಕೋಶಗಳನ್ನು ಗುರುತಿಸುವ ಪ್ರತಿಕಾಯಕ್ಕೆ ಅಂಟಿಸಿದ ಹೊಳೆಯುವ ಬಣ್ಣ ಅಲೆಕ್ಸಾ 647, ಲೇಸರ್ 640 ನ್ಯಾನೊಮೀಟರ್, ಸ್ಯಾಂಪಲ್ ಮುಳುಗಿಸುವ ತೊಟ್ಟಿಯಲ್ಲಿ ಡೈಬೆಂಜೈಲ್ ಈಥರ್ ದ್ರವ. ಎರಡು ತೊಂದರೆ ಇವೆ.

ಮೊದಲನೆಯದು, ಲೇಸರ್ ಸಾಗುವ ದಿಕ್ಕಿನಲ್ಲೇ ಉದ್ದುದ್ದ ಕಪ್ಪು ಗೆರೆಗಳು. 488 ನ್ಯಾನೊಮೀಟರ್ ಲೇಸರಿನಲ್ಲಿ ತೆಗೆದ ಹಿನ್ನೆಲೆ ಚಿತ್ರದಲ್ಲಿ (ಅಂಗಾಂಶದ ಸ್ವಂತ ಹೊಳಪು) ಅವು ಇನ್ನೂ ದಟ್ಟ. ಶಕ್ತಿ ಏರಿಸಿದರೆ ಚಿತ್ರ ಬೆಳಗುತ್ತದೆ, ಗೆರೆ ಮಾತ್ರ ಹಾಗೇ ಇರುತ್ತದೆ. ಎರಡನೆಯದು, ಚಿತ್ರದ ನಡುವೆ ಕೋಶಗಳು ಚುಕ್ಕಿಗಳಂತೆ ಸ್ಪಷ್ಟ, ಎಡಬಲಕ್ಕೆ ಹೋದಂತೆ ಹಿಂದುಮುಂದಿನ ಪದರಗಳೆಲ್ಲ ಒಂದರ ಮೇಲೊಂದು ಕಲಸಿಕೊಳ್ಳುತ್ತವೆ. ನಮ್ಮ ಗುರಿ ಕೋಶಗಳ ಎಣಿಕೆ. ಗೆರೆಗಳನ್ನು ಸಾಫ್ಟ್‌ವೇರ್‌ನಲ್ಲಿ ಅಳಿಸಿ ಮುಂದುವರಿಯಬಹುದೇ? ತಿಳಿದವರು ದಯವಿಟ್ಟು ಹೇಳಿ.

ಮಸೂರ_ಮನೆ

ಅಳಿಸುವ ಮಾತು ಆಮೇಲೆ. ಮೊದಲು ಗೆರೆ ಎಲ್ಲಿ ಹುಟ್ಟುತ್ತಿದೆ ಎಂದು ನೋಡಿ, ಐದು ನಿಮಿಷದ ಕೆಲಸ. ಕ್ಯಾಮೆರಾ ಲೈವ್ ಇಟ್ಟುಕೊಂಡು ಸ್ಯಾಂಪಲನ್ನು ಗೆರೆಗಳಿಗೆ ಅಡ್ಡವಾಗಿ ಅರ್ಧ ಮಿಲಿಮೀಟರ್ ಸರಿಸಿ. ಗೆರೆ ಪರದೆಯ ಮೇಲೆ ಅಲುಗದೆ ನಿಂತರೆ ತಪ್ಪು ಸ್ಯಾಂಪಲಿನದಲ್ಲ: ತೊಟ್ಟಿಯ ಗಾಜಿನ ಮೇಲಿನ ಧೂಳು, ಬೆರಳ ಗುರುತು, ಒಣಗಿದ ದ್ರವದ ಕಲೆ ಹುಡುಕಿ. ಸ್ಯಾಂಪಲಿನ ಜೊತೆಗೇ ಸರಿದರೆ ಅಂಗಾಂಶದೊಳಗೋ ಮೇಲೋ ಏನೋ ಅಡ್ಡ ಇದೆ. ಗೆರೆಗಳು ಅಚ್ಚುಕಟ್ಟಾಗಿ ಸಮಾನ ಅಂತರದಲ್ಲಿದ್ದರೆ ಅದು ಮೂರನೆಯ ಬಗೆ. ಲೇಸರ್ ಒಂದೇ ಲಯದ ಬೆಳಕಾದ್ದರಿಂದ, ಗಾಜಿನ ಎರಡು ಮೈಗಳಿಂದ ಮರಳಿದ ಕಿರಣಗಳು ಒಂದರೊಡನೊಂದು ಸೇರಿ ಪಟ್ಟಿ ಕಟ್ಟುತ್ತವೆ. ತೊಟ್ಟಿಯನ್ನು ಎರಡು ಮೂರು ಡಿಗ್ರಿ ಓರೆ ಮಾಡಿದರೆ ಆ ಪಟ್ಟಿಗಳು ಬದಲಾಗುತ್ತವೆ, ಎಷ್ಟೋ ಸಲ ಮಾಯವೂ ಆಗುತ್ತವೆ.

ಸ್ಯಾಂಪಲಿನದೇ ಆದರೆ ಗೆರೆಯ ಬುಡ ನೋಡಿ. ಬುಡದಲ್ಲಿ ಕಪ್ಪು ಚುಕ್ಕಿ ಇದ್ದು ಅದರ ಹಿಂದೆ ಬರೀ ಕತ್ತಲಿದ್ದರೆ ಬೆಳಕನ್ನು ಹೀರುವ ವಸ್ತು: ಉಳಿದ ರಕ್ತ, ಕೂದಲು, ಬಣ್ಣದ ಗಂಟು. ಕಪ್ಪಿನ ಪಕ್ಕದಲ್ಲೇ ಹೊಳೆಯುವ ಗೆರೆಯೂ ಇದ್ದರೆ ಬೆಳಕು ಬಾಗಿದೆ ಎಂದರ್ಥ: ಗಾಳಿಗುಳ್ಳೆ, ಅಥವಾ ಸರಿಯಾಗಿ ಪಾರದರ್ಶಕವಾಗದ ತುಣುಕು. 488ರಲ್ಲಿ ದಟ್ಟವಾಗಿದೆ ಎಂದಿರಿ. ಹಿಮೊಗ್ಲೋಬಿನ್ ಕೆಂಪಿಗಿಂತ ನೀಲಿ-ಹಸಿರನ್ನು ಬಹಳ ಹೆಚ್ಚು ಹೀರುತ್ತದೆ, ಹಾಗಾಗಿ ನನ್ನ ಮೊದಲ ಅನುಮಾನ ರಕ್ತದ ಮೇಲೆ.

ಕಿರಣ_ಸೊಂಟ

ಎರಡನೆಯ ತೊಂದರೆಗೆ ಕಾರಣ ಲೇಸರ್ ಹಾಳೆಯ ಆಕಾರ. ಹಾಳೆ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ. ನಡುವೆ ಸೊಂಟ, ಎರಡೂ ಕಡೆ ಅಗಲ. ಸೊಂಟದ ಅರ್ಧದಪ್ಪ w ಆದರೆ, ಹಾಳೆ ತೆಳುವಾಗಿ ಉಳಿಯುವುದು ಸೊಂಟದಿಂದ ಎರಡೂ ಕಡೆಗೆ π × w² × n ÷ λ ದೂರ ಮಾತ್ರ. ಬೆಳಕಿನ ತರಂಗಾಂತರ λ 0.64 ಮೈಕ್ರಾನ್, ನಿಮ್ಮ ದ್ರವದ ವಕ್ರೀಭವನ ಸೂಚ್ಯಂಕ n 1.56. ಅರ್ಧದಪ್ಪ 4 ಮೈಕ್ರಾನ್ ಇಟ್ಟರೆ ಈ ದೂರ ಸುಮಾರು 122 ಮೈಕ್ರಾನ್, ಎರಡೂ ಕಡೆ ಸೇರಿ ಕಾಲು ಮಿಲಿಮೀಟರ್ ಕೂಡ ಆಗುವುದಿಲ್ಲ. ಸೊಂಟದಿಂದ 1 ಮಿಲಿಮೀಟರ್ ಆಚೆ ಅದೇ ಹಾಳೆಯ ಅರ್ಧದಪ್ಪ 33 ಮೈಕ್ರಾನ್! ಇಲಿಯ ಮಿದುಳೋ ಒಂದು ಸೆಂಟಿಮೀಟರ್ ಅಗಲ. ಅಂಚು ಮಸುಕಾಗದೆ ಇನ್ನೇನಾಗುತ್ತದೆ.

ಅರ್ಧದಪ್ಪವನ್ನು 10 ಮೈಕ್ರಾನಿಗೆ ಏರಿಸಿದರೆ ಉಪಯುಕ್ತ ಉದ್ದ ಒಂದೂವರೆ ಮಿಲಿಮೀಟರ್ ಆಗುತ್ತದೆ. ಆದರೆ 20 ಮೈಕ್ರಾನ್ ದಪ್ಪದ ಹಾಳೆಯಲ್ಲಿ ಹಿಂದುಮುಂದಿರುವ ಎರಡು ಕೋಶಗಳು ಒಂದಾಗಿ ಕಾಣಬಹುದು. ಎಣಿಕೆಗೆ ಇದು ಒಗ್ಗುವುದಿಲ್ಲ. ಹಾಳೆಯನ್ನು ತೆಳುವಾಗೇ ಇಟ್ಟು ಸೊಂಟವನ್ನು ಓಡಿಸುವುದು ಮೇಲು. ಸರಳ ದಾರಿಯೆಂದರೆ ಒಂದೇ ಪದರದಲ್ಲಿ ಸೊಂಟವನ್ನು ಹತ್ತಾರು ಕಡೆ ನಿಲ್ಲಿಸಿ ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಪಟ್ಟಿಯನ್ನಷ್ಟೇ ಹೊಲಿಯುವುದು. ಸಮಯವೂ ಬಣ್ಣ ಮಾಸುವುದೂ ಅಷ್ಟು ಪಟ್ಟು ಹೆಚ್ಚುತ್ತವೆ. 2019ರಲ್ಲಿ ಪ್ರಕಟವಾದ ಮೆಸೊಸ್ಪಿಮ್ ಎಂಬ ಲೈಟ್‌ಶೀಟ್ ಸೂಕ್ಷ್ಮದರ್ಶಕದ ವಿನ್ಯಾಸದಲ್ಲಿ ವಿದ್ಯುತ್ತಿನಿಂದ ಫೋಕಸ್ ಬದಲಿಸುವ ಮಸೂರ ಸೊಂಟವನ್ನು ಓಡಿಸುತ್ತದೆ, ಕ್ಯಾಮೆರಾದ ರೋಲಿಂಗ್ ಶಟರ್ (ಚಿತ್ರವನ್ನು ಸಾಲುಸಾಲಾಗಿ ಓದುವ ಕ್ರಮ) ಅದರ ಜೊತೆಜೊತೆಗೇ ಸಾಗುತ್ತದೆ. ಇವೆರಡರ ಹೊಂದಾಣಿಕೆ ತಪ್ಪಿದರೆ ಚಿತ್ರದ ಒಂದು ಬದಿ ಮಾತ್ರ ಮಸುಕಾಗುತ್ತದೆ, ಆಗ ಆಫ್‌ಸೆಟ್ ಸರಿಪಡಿಸಿ. 488ರಿಂದ 640ಕ್ಕೆ ಬದಲಿಸಿದಾಗ ಫೋಕಸನ್ನೂ ಹೊಸದಾಗಿ ಹೊಂದಿಸಬೇಕು, ಒಂದೇ ಮೌಲ್ಯ ಎರಡಕ್ಕೂ ನಡೆಯುವುದಿಲ್ಲ.

ಪದರಬೆಳಕು

ಸರಿಸಿ ನೋಡಿದೆ. ಮುಕ್ಕಾಲು ಪಾಲು ಗೆರೆ ಸ್ಯಾಂಪಲಿನ ಜೊತೆಗೇ ಸರಿಯುತ್ತವೆ, ಬುಡದಲ್ಲಿ ಕಪ್ಪು ಚುಕ್ಕಿ. ಕೆಲವಕ್ಕೆ ಪಕ್ಕದಲ್ಲಿ ಹೊಳಪೂ ಇದೆ. ಲೇಸರನ್ನೇ ಅತ್ತಿತ್ತ ತೂಗಾಡಿಸುವ ಕನ್ನಡಿ ನಮ್ಮ ಉಪಕರಣದಲ್ಲಿದೆ. ಅದು ಸಾಕಾಗುತ್ತದೆಯೇ?

ಅಂಗಾಂಶ_ಅಡುಗೆ

ಸಣ್ಣ ಅಡ್ಡಿಗೆ ಸಾಕು, ದೊಡ್ಡದಕ್ಕೆ ಸಾಲದು. ಹ್ಯೂಸ್ಕೆನ್ ಮತ್ತು ಸ್ಟೇನಿಯರ್ 2007ರಲ್ಲಿ ತೋರಿಸಿದ ಉಪಾಯ ಅದು: ಒಂದು ಎಕ್ಸ್‌ಪೋಶರ್ ಮುಗಿಯುವುದರೊಳಗೆ ಹಾಳೆ ಹಲವು ಕೋನಗಳಿಂದ ಬಂದರೆ ಅಡ್ಡಿಯ ಹಿಂದಕ್ಕೂ ಬೆಳಕು ತಲುಪುತ್ತದೆ. ಎರಡೂ ಕಡೆಗೆ 5 ಡಿಗ್ರಿ ತೂಗಿದರೆ 50 ಮೈಕ್ರಾನ್ ಅಡ್ಡಿಯ ಪೂರ್ಣ ನೆರಳು ಸುಮಾರು 290 ಮೈಕ್ರಾನಿಗೆ ಮುಗಿಯುತ್ತದೆ. ಅರ್ಧ ಮಿಲಿಮೀಟರಿನ ಗಾಳಿಗುಳ್ಳೆಯಾದರೆ ನೆರಳು 3 ಮಿಲಿಮೀಟರಿನ ಹತ್ತಿರ ಹೋಗುತ್ತದೆ. ಇನ್ನೊಂದು ಮಾತು: ರೋಲಿಂಗ್ ಶಟರ್ ಬಳಸುವಾಗ ಪ್ರತಿ ಸಾಲಿಗೂ ಸಿಗುವ ಸಮಯ ತೀರಾ ಕಡಿಮೆ. ಅಷ್ಟರೊಳಗೆ ಕನ್ನಡಿ ಒಂದು ಸುತ್ತಾದರೂ ಪೂರ್ತಿ ತೂಗಬೇಕು, ಇಲ್ಲವಾದರೆ ಹೊಸ ಪಟ್ಟೆಗಳನ್ನು ಅದೇ ಸೃಷ್ಟಿಸುತ್ತದೆ.

ಹಾಗಾಗಿ ಮುಂದಿನ ಮಿದುಳನ್ನು ಬುಡದಿಂದಲೇ ಸರಿಯಾಗಿ ತಯಾರಿಸಿ. ಪರ್ಫ್ಯೂಷನ್‌ಗೆ (ನಾಳಗಳಲ್ಲಿ ದ್ರವ ಹರಿಸಿ ರಕ್ತ ತೊಳೆಯುವುದು) ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ಪಿಬಿಎಸ್ ಎಂಬ ಉಪ್ಪುದ್ರಾವಣ ಬಳಸಿ; ಯಕೃತ್ತು ಬಿಳಿಚಿ, ಹೊರಬರುವ ದ್ರವ ತಿಳಿಯಾಗುವವರೆಗೆ ಹರಿಸಿ. ಅದಾದ ಮೇಲಷ್ಟೇ ಅಂಗಾಂಶ ಕೆಡದಂತೆ ಗಟ್ಟಿ ಮಾಡುವ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್. ರಕ್ತ ಉಳಿದಿರುವಾಗಲೇ ಅದನ್ನು ಬಿಟ್ಟರೆ ರಕ್ತ ನಾಳದಲ್ಲೇ ಗಟ್ಟಿಯಾಗಿ ಕೂರುತ್ತದೆ. ಸ್ಟೇನಿಂಗ್‌ಗೆ ಮುಂಚಿನ ಬ್ಲೀಚ್ ಹಂತ ಬಿಡಬೇಡಿ: 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಒಂದು ಪಾಲು, ತಣ್ಣಗಿನ ಮೆಥನಾಲ್ ಐದು ಪಾಲು, 4 ಡಿಗ್ರಿಯಲ್ಲಿ ಒಂದು ರಾತ್ರಿ. ಸ್ಟೇನಿಂಗ್ ಆದ ಮೇಲೆ, ಕೊನೆಯಲ್ಲಿ, ನೀರು ತೆಗೆಯಲು ಮೆಥನಾಲ್ 20, 40, 60, 80, 100, ಮತ್ತೆ 100 ಶೇಕಡಾ, ಒಂದೊಂದು ಗಂಟೆ. ನೀರು ಒಳಗುಳಿದರೆ ನಡುವೆ ಹಾಲಿನಂಥ ಮಬ್ಬು ನಿಲ್ಲುತ್ತದೆ. ಆಮೇಲೆ ಎರಡು ಪಾಲು ಡೈಕ್ಲೋರೊಮಿಥೇನ್, ಒಂದು ಪಾಲು ಮೆಥನಾಲ್, ಮೂರು ಗಂಟೆ; ಬರೀ ಡೈಕ್ಲೋರೊಮಿಥೇನ್ 15 ನಿಮಿಷ, ಎರಡು ಸಲ; ಕೊನೆಗೆ ಡೈಬೆಂಜೈಲ್ ಈಥರ್. ಎಲ್ಲವೂ ಫ್ಯೂಮ್ ಹುಡ್ ಒಳಗೇ ಆಗಬೇಕು. ನೈಟ್ರೈಲ್ ಗ್ಲೌಸನ್ನು ಡೈಕ್ಲೋರೊಮಿಥೇನ್ ಬೇಗ ದಾಟುತ್ತದೆ, ಹನಿ ಬಿದ್ದ ತಕ್ಷಣ ಕಳಚಿ ಬಿಸಾಡಿ.

ಕೊನೆಯ ದ್ರವವನ್ನು ಕೊಳವೆಯ ಬಾಯಿಯವರೆಗೆ ತುಂಬಿಸಿ ಮುಚ್ಚಿ, ಮೆಲ್ಲಗೆ ತಲೆಕೆಳಗು ಮಾಡಿ. ಮಿದುಳಿನೊಳಗಿನ ಕುಹರಗಳಲ್ಲಿ ಸಿಕ್ಕ ಗುಳ್ಳೆ ಮೇಲೇಳುತ್ತದೆ. ನಿಮ್ಮ ಹೊಳಪು ಗೆರೆಗಳು ಬಹುಶಃ ಅವುಗಳದ್ದೇ. ವಾಸನೆ, ವಿಷ ಕಡಿಮೆ ಬೇಕಾದರೆ ಡೈಬೆಂಜೈಲ್ ಈಥರ್ ಬದಲು ಈಥೈಲ್ ಸಿನ್ನಮೇಟ್ ಕೂಡ ಆಗುತ್ತದೆ, ಸೂಚ್ಯಂಕ ಹೆಚ್ಚುಕಡಿಮೆ ಅಷ್ಟೇ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಅಲ್ಲಿ ಅದು ಹೆಪ್ಪುಗಟ್ಟುತ್ತದೆ.

ಮಸೂರ_ಮನೆ

ಈಗ ಅಳಿಸುವ ಪ್ರಶ್ನೆ. ವೇವ್‌ಲೆಟ್ ಮತ್ತು ಫೂರಿಯೇ ಸೋಸುವಿಕೆ ಸೇರಿಸಿದ ವಿಧಾನಗಳು ಗೆರೆಯನ್ನು ಅದರ ದಿಕ್ಕಿನಿಂದ ಗುರುತಿಸುತ್ತವೆ. ಅದೇ ದಿಕ್ಕಿನಲ್ಲಿ ಓಡುವ ರಕ್ತನಾಳವನ್ನೂ ನರತಂತುವನ್ನೂ ಸವೆಸಿಬಿಡುತ್ತವೆ. ಹೆಚ್ಚುಕಡಿಮೆ ಗುಂಡಗಿರುವ ಕೋಶಗಳಿಗೆ ಅಷ್ಟು ಹಾನಿಯಿಲ್ಲ, ನೋಡಲು ಚಿತ್ರ ಚೆನ್ನಾಗುತ್ತದೆ. ಆದರೆ ಬೆಳಕೇ ಬೀಳದ ಜಾಗದಲ್ಲಿದ್ದ ಕೋಶ ಕ್ಯಾಮೆರಾಕ್ಕೆ ಬಂದೇ ಇಲ್ಲ, ಯಾವ ಸಾಫ್ಟ್‌ವೇರೂ ಅದನ್ನು ತಂದುಕೊಡಲಾರದು.

ಎಷ್ಟು ಕಳೆದುಹೋಗುತ್ತಿದೆ ಎಂದು ಅಳೆಯಬಹುದು. ಒಂದೇ ಮಿದುಳನ್ನು ಒಮ್ಮೆ ಹಾಗೇ, ಇನ್ನೊಮ್ಮೆ ನೋಡುವ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ ಚಿತ್ರ ತೆಗೆಯಿರಿ. ನೆರಳು ಈಗ ಬೇರೆ ಕಡೆ ಬೀಳುತ್ತದೆ. ಎರಡರಲ್ಲೂ ಅದೇ ಒಂದು ಘನ ಮಿಲಿಮೀಟರ್ ಭಾಗ ಆರಿಸಿ, ಕೋಶವೆಂದು ಗಣಿಸಲು ಅದೇ ಹೊಳಪಿನ ಮಿತಿಯಿಟ್ಟು ಎಣಿಸಿ. ಎರಡನೆಯ ಸುತ್ತಿನಲ್ಲಿ ಬಣ್ಣ ತುಸು ಮಾಸಿರಬಹುದು, ಆದ್ದರಿಂದ ಇನ್ನೊಂದು ಮಿದುಳಿಗೆ ತಿರುಗಿಸಿದ್ದನ್ನು ಮೊದಲು ತೆಗೆಯಿರಿ. ಲೇಸರ್ ಹೊತ್ತಿರುವಾಗ ತೊಟ್ಟಿಯ ಮುಚ್ಚಳ ತೆರೆದು ಸ್ಯಾಂಪಲ್ ತಿರುಗಿಸಬೇಡಿ, ಗಾಜಿನಿಂದ ಚಿಮ್ಮುವ ಕಿರಣ ಕಣ್ಣಿಗೆ ಬಿದ್ದೀತು. ಶಟರ್ ಮುಚ್ಚಿಯೇ ಕೈ ಹಾಕಿ.