ವಕೀಲರ ಕಿವಿಗೆ ಏನು ಹಾಕೋಣ?

ನಮ್ಮ ವಕೀಲರು ಐವತ್ತು ದಾಟಿದ ಮೇಲೆ ರೈಫಲ್ ಕ್ಲಬ್ ಸೇರಿದ್ದಾರೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ವರ್ಷಗಟ್ಟಲೆ ‘ಮುಂದಿನ ತಾರೀಖು’ ಕೇಳಿದ ಮನುಷ್ಯ. ಗುಂಡು ಗುರಿಗೆ ಬಿತ್ತೋ ಇಲ್ಲವೋ ಅನ್ನುವ ತೀರ್ಪು ಆಗಲೇ ಸಿಗುವ ಜಾಗಕ್ಕೆ ಮನಸ್ಸು ಎಳೆದರೆ ತಪ್ಪೇನು?

ಕ್ಲಬ್ಬಿನವರು ‘ಬರುವಾಗ ಕಿವಿಗೆ ಏನಾದರೂ ತಗೊಂಡು ಬನ್ನಿ’ ಅಂದರಂತೆ. ಆ ‘ಏನಾದರೂ’ ಏನು ಅಂತ ತೀರ್ಮಾನಿಸಲು ಉಣಕಲ್ ಕೆರೆ ಹತ್ತಿರದ ಚಹಾದಂಗಡಿಯಲ್ಲಿ ಪಂಚಾಯಿತಿ ಕೂತಿತು. ವಕೀಲರು, ಗಣಿತದ ನಿವೃತ್ತ ಮಾಸ್ತರು, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಕಾಕಾ, ಮೊಬೈಲ್ ಅಂಗಡಿ ತಮ್ಮ, ಪಿಟಿ ಮೇಡಂ, ಮತ್ತೆ ನಾನು. ಮೊದಲು ಗಿರ್ಮಿಟ್ ಬಂತು. ಆಮೇಲೆ ಮಿರ್ಚಿ ಬಂತು. ಆಮೇಲೆ ಅಭಿಪ್ರಾಯಗಳು ಬಂದವು.

“ಹತ್ತಿ ಇಡ್ರೀ ವಕೀಲರೇ,” ಅಂದರು ಕಾಕಾ. “ಹುಬ್ಬಳ್ಳಿಯಲ್ಲಿ ಕೂತು ಹತ್ತಿಗೆ ಯೋಚನೆ ಮಾಡ್ತೀರಲ್ಲ!”

ಪಿಟಿ ಮೇಡಂ ನಕ್ಕರು. ಅವರು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಪಾಯಿಂಟ್ ಟೂ ಟೂ, ಅಂದರೆ 0.22 ಇಂಚಿನ ರೈಫಲ್ ಹೊಡೆದವರು. ನಮ್ಮೈವರಲ್ಲಿ ಯಾರೂ ಜಾತ್ರೆಯ ಬಲೂನು ಬಿಟ್ಟರೆ ಬೇರೆ ಯಾವುದಕ್ಕೂ ಗುರಿ ಇಟ್ಟವರಲ್ಲ. ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ.

“ಕಾಕಾ, ಹತ್ತಿ ಇಟ್ಟರೆ ಮನಸ್ಸಿಗೆ ಸಮಾಧಾನ ಅಷ್ಟೇ. ಸದ್ದು ಅದರೊಳಗಿಂದ ಆರಾಮಾಗಿ ಹೋಗುತ್ತದೆ. ಪಾಯಿಂಟ್ ಟೂ ಟೂ ಅಂದರೆ ಬಂದೂಕುಗಳಲ್ಲಿ ತೀರಾ ಸಣ್ಣ ಜಾತಿಯದು. ಅದರ ಸದ್ದೇ ಸುಮಾರು 140 ಡೆಸಿಬಲ್. ದೊಡ್ಡ ರೈಫಲ್ಲು, ಪಿಸ್ತೂಲುಗಳದ್ದು 170 ದಾಟುವುದೂ ಇದೆ.”

ಅಂಕಿ ಕೇಳಿದ ಕೂಡಲೇ ಮಾಸ್ತರು ನೆಟ್ಟಗೆ ಕೂತರು. “ಎಷ್ಟರವರೆಗೆ ನಡೆಯುತ್ತದೆ?”

“85 ಡೆಸಿಬಲ್ ಆದರೆ ದಿನಕ್ಕೆ ಎಂಟು ತಾಸು. ಮೇಲೆ ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಸಬೇಕು ಅಂತ ಒಂದು ಲೆಕ್ಕ ಇದೆ.”

ಮಾಸ್ತರು ಬೆರಳು ಮಡಚಿದರು. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ, 100ಕ್ಕೆ ಹದಿನೈದೇ ನಿಮಿಷ. “ಹಾಗಾದರೆ 140ಕ್ಕೆ...” ಅನ್ನುತ್ತಾ ಕಣ್ಣು ಮುಚ್ಚಿದರು. ಇನ್ನೂ ಮಡಚುತ್ತಲೇ ಇದ್ದರು.

“ಬಿಡ್ರೀ ಸರ್, ಅಲ್ಲಿಗೆ ಹೊತ್ತಿನ ಲೆಕ್ಕವೇ ಇಲ್ಲ. ಒಂದೇ ಗುಂಡಿಗೂ ಕಿವಿ ಕೆಡಬಹುದು.”

ತಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಹೋಳಿ ಹುಣ್ಣಿಮೆಯಿಂದ ರಂಗಪಂಚಮಿಯವರೆಗೆ ಹಲಗೆ ಬಡಿಯುವ ಊರಿನವರು ನಾವು. ಕಾಮಣ್ಣನ ಮುಂದೆ ರಾತ್ರಿಯೆಲ್ಲ ನಿಂತ ಕಿವಿ. ಗಣಪತಿ ಹಬ್ಬದ ಡಿಜೆಗೂ ಜಗ್ಗದ ಕಿವಿ. “ನಮ್ಮ ಕಿವಿ ಪಳಗಿದೆ ಮೇಡಂ,” ಅಂದ.

“ಪಳಗಿಲ್ಲ ತಮ್ಮಾ, ಸವೆದಿದೆ. ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಜೀವಕೋಶಗಳಿರುತ್ತವೆ. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳು, 4,000 ಹರ್ಟ್ಸ್ ಆಸುಪಾಸಿನವು. ಮಾತು ಕೇಳಿಸುತ್ತದೆ, ಏನಂದರು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಕೆಲವರಿಗೆ ಜೀವನಪೂರ್ತಿ ಕಿವಿಯೊಳಗೆ ಗುಂಯ್ ಅನ್ನುತ್ತಲೇ ಇರುತ್ತದೆ.”

ಕಾಕಾ ಥಟ್ಟನೆ ಎರಡೂ ಕಿವಿ ಮುಟ್ಟಿಕೊಂಡರು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದ ಕಿವಿಗಳು ಅವು. ಅದನ್ನು ನಮಗೆ ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಾರೆ.

ಈಗ ವಕೀಲರು ಪಟಾಕಿ ಕಾನೂನು ತೆಗೆದರು. ಅದರಲ್ಲಿ ಬರುವ ಎಐ, ಸಿ ಪೀಕ್ ಅಂದರೆ ಸದ್ದು ಅಳೆಯುವ ಎರಡು ಬಗೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಎಐ ಅಥವಾ 145 ಡೆಸಿಬಲ್ ಸಿ ಪೀಕ್ ದಾಟುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. “ಅಂದರೆ ಕಾನೂನೇ 145ರವರೆಗೆ ಒಪ್ಪಿದೆ. ನನ್ನದು 140. ಐದು ಕಡಿಮೆಯೇ ಇದೆಯಲ್ಲ!”

“4 ಮೀಟರ್ ದೂರದಲ್ಲಿ ಅಂದಿರಿ. ನಿಮ್ಮ ರೈಫಲ್ ಕಿವಿಯಿಂದ ಎಷ್ಟು ಮೀಟರ್ ದೂರ ಇರುತ್ತದೆ?”

“...ಗಲ್ಲಕ್ಕೆ ಅಂಟಿಕೊಂಡಿರುತ್ತದೆ.”

ವಾದ ಅಲ್ಲಿಗೆ ವಜಾ.

ಮೇಡಂ ಇನ್ನೊಂದು ಮಾತು ಹೇಳಿದರು. ಅದು ನನಗೆ ತುಂಬಾ ಹಿಡಿಸಿತು. ದೊಡ್ಡ ಸದ್ದು ಬಂದರೆ ನಡುಗಿವಿಯ ಒಂದು ಪುಟ್ಟ ಸ್ನಾಯು ತಾನೇ ಬಿಗಿದುಕೊಂಡು ಸದ್ದನ್ನು ಸ್ವಲ್ಪ ತಡೆಯುತ್ತದಂತೆ. ದೇವರು ಕೊಟ್ಟ ಬಂದೋಬಸ್ತು. ಆದರೆ ಅದು ಬಿಗಿಯಲು ಹತ್ತಾರು ಮಿಲಿಸೆಕೆಂಡು ಬೇಕು. ಗುಂಡಿನ ಹೊಡೆತ ಅಷ್ಟರೊಳಗೆ ಬಂದು ಹೋಗಿರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

“ಅದೂ ಎರಡೂ ಕಿವಿಗೆ ಪೆಟ್ಟು ಒಂದೇ ಸಮ ಅಲ್ಲ,” ಅಂದರು. ಬಲಗೈಯವರು ರೈಫಲ್ ಹೊಡೆಯುವಾಗ ತಲೆ ವಾರೆಯಾಗಿ ಎಡಗಿವಿ ನಳಿಗೆಯ ಬಾಯಿ ಕಡೆ ತಿರುಗಿರುತ್ತದೆ. ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಹಾಗಾಗಿ ಎಡಗಿವಿ ಮೊದಲು ಸೋಲುತ್ತದೆ.

ವಕೀಲರು ಸ್ವಲ್ಪ ಯೋಚಿಸಿ, “ಹಾಗಾದರೆ ಕೋರ್ಟಿನಲ್ಲಿ ಎದುರು ಪಾರ್ಟಿ ವಕೀಲರನ್ನು ನನ್ನ ಎಡಕ್ಕೆ ನಿಲ್ಲಿಸಿದರೆ ಆಯ್ತು,” ಅಂದರು.

ಜೇಬಿನಿಂದ ತನ್ನ ಬ್ಲೂಟೂತ್ ಇಯರ್‌ಬಡ್ಸ್ ತೆಗೆದ ತಮ್ಮ. ನಾಯ್ಸ್ ಕ್ಯಾನ್ಸಲೇಶನ್ ಇದೆಯಂತೆ. ಬಸ್ಸಿನ ಎಂಜಿನ್ ಸದ್ದು ಪೂರ್ತಿ ಮಾಯವಂತೆ. ವಕೀಲರಾದರೆ ಡಿಸ್ಕೌಂಟ್ ಅಂತೆ. ಮೇಡಂ ಅದನ್ನು ಮುಟ್ಟಲೂ ಇಲ್ಲ. ಒಂದೇ ಸಮ ಗುರ್ ಅನ್ನುವ ಸದ್ದಿಗೆ ಅದು ಸರಿ, ಫಟ್ ಅಂತ ಬಂದು ಹೋಗುವ ಗುಂಡಿಗಲ್ಲ. ಮಾಸ್ತರು ತಮ್ಮ ಶ್ರವಣಯಂತ್ರ ತೋರಿಸಿ, “ಇದನ್ನೇ ಆಫ್ ಮಾಡಿ ಇಟ್ಟುಕೊಂಡರೆ?” ಅಂದರು. ಅದೂ ಆಗುವುದಿಲ್ಲ. ಆಫ್ ಮಾಡಿದ ಯಂತ್ರ ಕಿವಿಗೆ ಒಡವೆ, ರಕ್ಷಣೆ ಅಲ್ಲ.

ಅಷ್ಟಾದ ಮೇಲೆ ಮೇಡಂ ಬ್ಯಾಗಿನಿಂದ ಫೋಮ್ ಇಯರ್ ಪ್ಲಗ್‌ಗಳನ್ನು ತೆಗೆದರು. ಹಳದಿ, ಕಿತ್ತಳೆ ಬಣ್ಣದ ಮೆತ್ತನೆಯ ತುಂಡುಗಳು. ಒಂದು ಜೋಡಿಗೆ ಒಂದು ಪ್ಲೇಟ್ ಮಿರ್ಚಿಗಿಂತ ಕಡಿಮೆ ದುಡ್ಡು. ಇಷ್ಟು ಅಗ್ಗದ ವಸ್ತು ಕೆಲಸ ಮಾಡುವುದು ಸಾಧ್ಯವೇ ಇಲ್ಲ ಅಂತ ವಕೀಲರ ಮುಖವೇ ಹೇಳುತ್ತಿತ್ತು. ಮಾಡುತ್ತದೆ, ಹಾಕುವುದು ಗೊತ್ತಿದ್ದರೆ. ಬೆರಳಲ್ಲಿ ಹೊಸೆದು ಹೊಸೆದು ಸಣ್ಣ ಬತ್ತಿ ಮಾಡಬೇಕು. ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಬತ್ತಿ ಒಳಗೆ ಹಾಕಿ, ಅದು ಉಬ್ಬುವವರೆಗೆ ಇಪ್ಪತ್ತು ಮೂವತ್ತು ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯಬೇಕು. ಹೆಚ್ಚಿನವರು ತುದಿಗೆ ಸಿಕ್ಕಿಸಿ, ಆಯ್ತು ಅಂತ ಬಿಡುತ್ತಾರೆ.

“ನಾನು ಮಾಡ್ತೀನಿ,” ಅಂತ ತಮ್ಮ ಒಂದನ್ನು ಕಸಿದುಕೊಂಡ. ಚೆನ್ನಾಗಿ ಹೊಸೆದ. ಕಿವಿ ಎಳೆದ. ಒಳಗೆ ತಳ್ಳಿದ. ಮೇಡಂ ‘ಕೈ ತೊಳೆದುಕೋ’ ಅನ್ನುವಷ್ಟರಲ್ಲಿ ಹೊತ್ತು ಮೀರಿತ್ತು. ಅದೇ ಬೆರಳಲ್ಲಿ ಅವನು ಸ್ವಲ್ಪ ಮುಂಚೆ ಮಿರ್ಚಿ ಸೀಳಿ ಒಳಗಿನ ಮೆಣಸಿನಕಾಯಿ ಬೀಜ ತೆಗೆದಿದ್ದ. ಮುಂದೆ ಆದದ್ದನ್ನು ಡೆಸಿಬಲ್‌ನಲ್ಲಿ ಅಳೆದಿದ್ದರೆ ರೈಫಲ್‌ಗೆ ಪೈಪೋಟಿ ಆಗುತ್ತಿತ್ತು. ಚಹಾದಂಗಡಿಯವರು ಒಂದು ತಂಬಿಗೆ ನೀರು ತಂದರು.

“ಗುಂಡು ಹೊಡೆಯುವ ರೇಂಜಿನಲ್ಲೂ ಇದೇ ಕತೆ,” ಅಂದರು ಮೇಡಂ, ಅವನು ಮುಖ ಒರೆಸಿಕೊಳ್ಳುತ್ತಿರುವಾಗ. “ಅಲ್ಲಿ ಕೈಗೆ ಸೀಸ ಅಂಟಿರುತ್ತದೆ. ಗುಂಡು ಮುಟ್ಟಿದ ಕೈಯಲ್ಲಿ ಪ್ಲಗ್ ಹೊಸೆಯಬಾರದು, ಭಜಿಯನ್ನೂ ತಿನ್ನಬಾರದು.”

ಕಾಕಾ ಮಾತ್ರ ಕೈ ತೊಳೆದು, ಹೇಳಿದ ಹಾಗೇ ಹಾಕಿಕೊಂಡರು. ಸರಿಯಾಗಿ ಕೂತಿದೆಯಾ ನೋಡಲು ಒಂದು ಉಪಾಯ ಇದೆ. ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆಯಬೇಕು. ಸದ್ದಿನಲ್ಲಿ ಅಷ್ಟೇನೂ ವ್ಯತ್ಯಾಸ ಅನಿಸದಿದ್ದರೆ ಪ್ಲಗ್ ಗಟ್ಟಿಯಾಗಿದೆ. ಇನ್ನೊಂದು ಗುರುತು, ನಮ್ಮ ದನಿ ನಮಗೇ ತಲೆಯೊಳಗೆ ಗುಂ ಅನ್ನುತ್ತದೆ. ಕಾಕಾ ಮೆಲ್ಲಗೆ ಷಡ್ಜ ಹಿಡಿದರು. ಕಣ್ಣು ಅಗಲವಾಯಿತು. ಇನ್ನೊಮ್ಮೆ ಹಿಡಿದರು. “ಅಯ್ಯೋ, ನನ್ನ ‘ಸಾ’ ಇಷ್ಟು ತುಂಬಿಕೊಂಡಿದೆ ಅಂತ ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ!” ಅವರು ಕೂಗಿದ ರೀತಿಗೆ ಕೆರೆ ದಂಡೆಯಲ್ಲಿ ವಾಕಿಂಗ್ ಹೋಗುತ್ತಿದ್ದವರೂ ತಿರುಗಿ ನೋಡಿದರು.

ಮಾಸ್ತರು ಅಷ್ಟರಲ್ಲಿ ಪ್ಲಗ್ ಡಬ್ಬಿ ಓದುತ್ತಿದ್ದರು. ಎನ್‌ಆರ್‌ಆರ್ 33 ಅಂತಿತ್ತು. ಅಂದರೆ ಎಷ್ಟು ಸದ್ದು ಇಳಿಸುತ್ತದೆ ಅನ್ನುವ ಅಂಕಿ. “ಮೇಲೆ ಕಿವಿಯನ್ನು ಹೊರಗಿನಿಂದ ಮುಚ್ಚುವ ಬಟ್ಟಲಿನಂಥ ಇಯರ್ ಮಫ್ ಹಾಕಿದರೆ? ಅದರದ್ದು 22 ಅಂತಿಟ್ಟುಕೊಳ್ಳಿ. ಒಟ್ಟು 55. 140ರಲ್ಲಿ 55 ಕಳೆದರೆ 85. ಎಂಟು ತಾಸು ಗುಂಡು ಹೊಡೆಯಿರಿ ವಕೀಲರೇ!”

ಲೆಕ್ಕ ಎಷ್ಟು ಸುಂದರವಾಗಿತ್ತೆಂದರೆ ತಪ್ಪು ಅಂತ ಹೇಳಲು ನಮಗೇ ಬೇಸರವಾಯಿತು. ಎರಡನ್ನು ಕೂಡಿಸುವಂತಿಲ್ಲವಂತೆ. ದೊಡ್ಡ ಅಂಕಿಗೆ ಸುಮಾರು ಐದು ಸೇರಿಸಬೇಕು, ಅಷ್ಟೇ. ಯಾಕಂದರೆ ಕಿವಿಯನ್ನು ಎಷ್ಟೇ ಮುಚ್ಚಿದರೂ ತಲೆಯ ಎಲುಬು ಸದ್ದನ್ನು ಒಳಗೆ ಸಾಗಿಸುತ್ತಲೇ ಇರುತ್ತದೆ. ಅದಕ್ಕಿಂತ ಕೆಟ್ಟ ಸುದ್ದಿ, ಆ 33 ಲ್ಯಾಬಿನ ಅಂಕಿ. ಅಮೆರಿಕದ ಕಾರ್ಮಿಕ ಸುರಕ್ಷತೆ ನೋಡಿಕೊಳ್ಳುವ ಓಶಾದವರು ಅದರಲ್ಲಿ 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. 33 ಹೋಗಿ 13 ಆಗುತ್ತದೆ.

“ಅರ್ಧ ಯಾಕೆ?” ಮಾಸ್ತರಿಗೆ ಸಿಟ್ಟೇ ಬಂತು. “ಇದು ಯಾವ ಸೂತ್ರ?”

“ತಮ್ಮನಂಥವರು ಹಾಕಿಕೊಳ್ಳುತ್ತಾರಲ್ಲ ಸರ್, ಅದಕ್ಕೆ,” ಅಂದರು ಮೇಡಂ. “ಅದು ಫ್ಯಾಕ್ಟರಿ ಸದ್ದಿಗೆ ಮಾಡಿದ ಲೆಕ್ಕ, ಗುಂಡಿಗೆ ನೇರ ಕೂರುವುದಿಲ್ಲ. ಆದರೂ ಡಬ್ಬಿಯ ಅಂಕಿ ನೋಡಿ ಕೊಳ್ಳುವವರಿಗೆ ಬುದ್ಧಿ ಬರಲು ಸಾಕು. 33ರದ್ದನ್ನು ಅರ್ಧ ಹಾಕಿಕೊಂಡವರಿಗಿಂತ 25ರದ್ದನ್ನು ಪೂರ್ತಿ ಹಾಕಿಕೊಂಡವರೇ ಜಾಣರು.”

ಮಫ್ ಹಾಕುವುದು ಸುಲಭ. ತಪ್ಪು ಕಡಿಮೆ. ಆದರೆ ಅದಕ್ಕೂ ಶತ್ರುಗಳಿದ್ದಾರೆ. ವಕೀಲರ ಕನ್ನಡಕದ ದಪ್ಪ ಕಡ್ಡಿ ಮೊದಲನೆಯದು. ಮಫ್‌ನ ಮೆತ್ತೆ ಚರ್ಮಕ್ಕೆ ಸುತ್ತಲೂ ಅಂಟಬೇಕು. ಕಡ್ಡಿ ನಡುವೆ ಬಂದರೆ ಸಂದಿ ಬೀಳುತ್ತದೆ, ಸದ್ದಿಗೆ ಅಷ್ಟು ಸಂದಿ ಸಾಕು. ಕಾಕಾನ ಗಾಂಧಿ ಟೋಪಿಯೂ, ಮೇಡಂ ಅವರ ಬೆಂಡೋಲೆಯೂ ಅದೇ ಕೆಲಸ ಮಾಡುತ್ತವೆ. ಇನ್ನೊಂದು, ಮಫ್‌ನ ಬಟ್ಟಲು ದಪ್ಪಗಿದ್ದರೆ ಗಲ್ಲವನ್ನು ರೈಫಲ್‌ನ ಹಿಡಿಗೆ ಒತ್ತಿದಾಗ ಅದು ಹಿಡಿಗೆ ಬಡಿದು ಮೇಲೇಳುತ್ತದೆ. ಸರಿಯಾಗಿ ಟ್ರಿಗರ್ ಎಳೆಯುವ ಹೊತ್ತಿಗೇ ಕಿವಿ ಬಯಲಾಗುತ್ತದೆ. ಪಿಸ್ತೂಲಿನವರಿಗೆ ಈ ಕಾಟ ಇಲ್ಲ. ರೈಫಲ್‌ನವರು ತೆಳುವಾದ ಬಟ್ಟಲಿನದ್ದು ಹುಡುಕಬೇಕು, ಬಂದೂಕು ಹಿಡಿದೇ ಹಾಕಿ ನೋಡಬೇಕು.

“ಎಲೆಕ್ಟ್ರಾನಿಕ್ ಮಫ್ ಇದೆಯಂತಲ್ಲ?” ವಕೀಲರು ರಹಸ್ಯವಾಗಿ ಕೇಳಿದರು. ಆಗಲೇ ಮನಸ್ಸು ಮಾಡಿಕೊಂಡಿದ್ದರು ಅಂತ ಕಾಣುತ್ತದೆ. ಹೊರಗೆ ಮೈಕ್, ಒಳಗೆ ಸ್ಪೀಕರ್. ಮಾತು ಕೇಳಿಸುತ್ತದೆ, ಗುಂಡು ಹಾರಿದಾಗ ಮೈಕ್ ಸದ್ದನ್ನು ಒಳಗೆ ಬಿಡುವುದಿಲ್ಲ. ರೇಂಜಿನಲ್ಲಿ ‘ಸ್ಟಾಪ್’ ಅಂದದ್ದು ಕೇಳದಿದ್ದರೆ ಅದು ಕಿವಿಗಿಂತ ದೊಡ್ಡ ಅಪಾಯ, ಹಾಗಾಗಿ ಹೊಸಬರಿಗೆ ಇದು ಒಳ್ಳೆಯದೇ. ಆದರೆ ಗುಂಡಿನ ಸದ್ದನ್ನು ತಡೆಯುವುದು ಆ ಬಟ್ಟಲೇ, ಬ್ಯಾಟರಿ ಅಲ್ಲ. ದುಬಾರಿ ಆದ ಮಾತ್ರಕ್ಕೆ ಜಾಸ್ತಿ ತಡೆಯುತ್ತದೆ ಅಂತಿಲ್ಲ. ಮತ್ತೆ ಶೂಟಿಂಗ್‌ನ ಅಂತಾರಾಷ್ಟ್ರೀಯ ಸಂಸ್ಥೆ ಐಎಸ್ಎಸ್ಎಫ್ ನಿಯಮದ ಸ್ಪರ್ಧೆಗಳಲ್ಲಿ ಸದ್ದನ್ನು ಒಳಗೆ ಕಳಿಸುವ ಇಂಥ ಸಾಧನ ಆಟಗಾರರಿಗೆ ನಿಷಿದ್ಧ.

“ನಾನು ಒಲಿಂಪಿಕ್ಸ್‌ಗೆ ಹೋಗುವುದಿಲ್ಲ,” ಅಂದರು ವಕೀಲರು ವಿನಯದಿಂದ. ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ಗೆ ಹೋಗಿ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದ ಮೇಲೆ, ಇವರು ಅಷ್ಟೊಂದು ವಿನಯ ತೋರಿಸಬೇಕಿರಲಿಲ್ಲ ಅಂತ ನನಗನಿಸಿತು.

ಪ್ಯಾರಿಸ್ ಅಂದ ಕೂಡಲೇ ತಮ್ಮ ಚೇತರಿಸಿಕೊಂಡ. “ಆ ಟರ್ಕಿಯವನು! ಒಂದು ಕೈ ಜೇಬಿನಲ್ಲಿ, ಸಾದಾ ಕನ್ನಡಕ. ಕಿವಿಗೆ ಏನೂ ಇಲ್ಲದೇ ಬೆಳ್ಳಿ ಗೆದ್ದನಲ್ಲ!”

ಯೂಸುಫ್ ದಿಕೆಚ್. ಫೋಟೋ ಹಿಗ್ಗಿಸಿ ನೋಡಿದೆವು. ಕಿವಿಯಲ್ಲಿ ಪುಟ್ಟ ಪ್ಲಗ್ ಇತ್ತು. ಅವರು ಹೊಡೆದದ್ದು ಏರ್ ಪಿಸ್ತೂಲು, ಮದ್ದಿನದ್ದಲ್ಲ. ಗಾಳಿಯ ಬಂದೂಕಿನ ಸದ್ದು ತೀರಾ ಕಡಿಮೆ. ಆದರೂ ಹಾಕಿದ್ದರು. ಫೋನನ್ನು ಒಳಗಿಟ್ಟ ತಮ್ಮ.

ಕೊನೆಗೆ ತೀರ್ಮಾನ ಹೀಗಾಯಿತು. ಏರ್ ರೈಫಲ್‌ಗೆ ಬರೀ ಫೋಮ್ ಪ್ಲಗ್. ಪಾಯಿಂಟ್ ಟೂ ಟೂಗೆ, ಅದರಲ್ಲೂ ಮಾಡಿನ ಕೆಳಗೆ ಸದ್ದು ಗೋಡೆಗೆ ಬಡಿದು ವಾಪಸ್ ಬರುವ ಕಡೆ, ಒಳಗೆ ಪ್ಲಗ್, ಮೇಲೆ ತೆಳು ಮಫ್. ಎಲೆಕ್ಟ್ರಾನಿಕ್ ಆದರೂ ಸರಿ. ಕನ್ನಡಕಕ್ಕೆ ತೆಳು ಕಡ್ಡಿ. ಜೊತೆಗೆ ನೋಡಲು ಹೋಗುವ ನಾವೂ ಹಾಕಿಕೊಳ್ಳಬೇಕು. ಸದ್ದಿಗೆ ಯಾರು ಮೆಂಬರ್, ಯಾರು ಪ್ರೇಕ್ಷಕ ಅಂತ ಗೊತ್ತಾಗುವುದಿಲ್ಲ.

ಏಳುವಾಗ ಮೇಡಂ ಸ್ಯಾಂಪಲ್ ಪ್ಲಗ್ ಕೇಳಿದರು. ಕಾಕಾ ಕೊಡಲಿಲ್ಲ. ಗುರುವಾರದ ಭಜನೆಯಲ್ಲಿ ಹಾಕಿಕೊಂಡೇ ಹಾಡುತ್ತಾರಂತೆ.

“ಹಾಗಾದರೆ ಕೇಳುವವರಿಗೂ ಒಂದೊಂದು ಜೋಡಿ ಹಂಚಿರಿ,” ಅಂದರು ಮೇಡಂ. “33ರದ್ದೇ ಇರಲಿ.”

ಮಾಸ್ತರು ಚೀಲ ಹೆಗಲಿಗೆ ಹಾಕಿಕೊಂಡು, “7 ಕಳೆದು ಅರ್ಧ ಮಾಡಿದರೆ 13. ಕಾಕಾಗೆ ಸಾಲುವುದಿಲ್ಲ. ಮೇಲೆ ಮಫ್ಫೂ ಬೇಕಾಗುತ್ತದೆ,” ಅಂದರು.