ರಿವಾಲ್ವರಿನ ‘ಕುದುರೆ’ ಯಾವುದು? ಹಿಡಿಯ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ದಿನವೂ ಸೊಂಟದಲ್ಲೋ ಕೋಟಿನ ಜೇಬಿನಲ್ಲೋ ರಿವಾಲ್ವರ್ ಇಟ್ಟುಕೊಂಡು ಓಡಾಡುವವರು ಅದನ್ನು ಹೇಗೆಲ್ಲ ತಿದ್ದಿಸಿಕೊಳ್ಳುತ್ತಾರೆ ಎಂಬ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಿವಾಲ್ವರ್, ಟ್ರಿಗರ್ ಎಂಬವನ್ನು ಹಾಗೇ ಉಳಿಸಿಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು ‘ಕುದುರೆ’ಯಲ್ಲಿ.

ಮಲೆನಾಡಿನ ಕಡೆ ಕೇಪಿನ ಕೋವಿ (ಬಡಿದಾಗ ಕಿಡಿ ಹೊತ್ತುವ ಪುಟ್ಟ ಟೋಪಿಯಂಥ ‘ಕೇಪು’ ಇಟ್ಟು ಹಾರಿಸುವುದು) ಹಿಡಿದವರು ‘ಕುದುರೆ ಎತ್ತು’ ಎಂದರೆ ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ, ಬಿಟ್ಟರೆ ಕೇಪಿನ ಮೇಲೆ ಬಡಿಯುವ ಭಾಗ. ಪತ್ತೇದಾರಿ ಕಥೆಗಳಲ್ಲಿ ‘ಕುದುರೆ ಎಳೆದ’ ಎಂದಾಗ ಅದೇ ಪದ ತೋರುಬೆರಳಿನಿಂದ ಎಳೆಯುವ ಟ್ರಿಗರ್ ಆಗಿಬಿಡುತ್ತದೆ. ಬೇರೆ ಕಡೆಯಾದರೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ಇಲ್ಲಿ ತಿದ್ದುಪಡಿಯೆಲ್ಲ ಆ ಬಡಿಯುವ ಭಾಗದ ಮೇಲೇ ನಡೆಯುವುದರಿಂದ ಹಾಗೆ ಬಿಡುವಂತಿಲ್ಲ.

ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಐದು ಗುಂಡಿನ ಚಿಕ್ಕ ರಿವಾಲ್ವರುಗಳನ್ನೇ ನೋಡಿ. 1950ರ ಚೀಫ್ಸ್ ಸ್ಪೆಷಲ್‌ನಲ್ಲಿ ಕುದುರೆ ಹೊರಗೇ ಇದೆ, ಹೆಬ್ಬೆರಳಿಗೆಂದು ಅದರ ತುದಿ ಚಾಚಿಕೊಂಡಿದೆ. ಜೇಬಿನಿಂದ ಸರಕ್ಕನೆ ಎಳೆದರೆ ಈ ತುದಿ ಅಸ್ತರಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅದನ್ನು ಕೊಯ್ಸುತ್ತಾರೆ. 1952ರ ಸೆಂಟೆನಿಯಲ್‌ನಲ್ಲಿ ಕುದುರೆ ಪೂರ್ತಿ ಒಳಗೇ ಅಡಗಿದೆ. 1955ರ ಬಾಡಿಗಾರ್ಡ್‌ನಲ್ಲಿ ಎರಡೂ ಪಕ್ಕ ಗೋಡೆ ಎದ್ದು, ನಡುವೆ ಕುದುರೆ ಚೂರೇ ಚೂರು ಮೇಲೆ ಕಾಣುತ್ತದೆ. ತುದಿ ಕೊಯ್ಸಿದ್ದು, ಪೂರ್ತಿ ಅಡಗಿದ್ದು, ಚೂರು ಕಾಣುವುದು, ಈ ಮೂರನ್ನು ನಾನು ಕ್ರಮವಾಗಿ ‘ಮೊಂಡುಗುದುರೆ’, ‘ಒಳಗುದುರೆ’, ‘ಗೂನುಬೆನ್ನಿನದು’ ಎಂದು ಬರೆದುಕೊಂಡಿದ್ದೇನೆ. ಮೂರನೆಯದು ಅಲ್ಲಿಯವರೇ ಇಟ್ಟ ಅಡ್ಡಹೆಸರು, ಕನ್ನಡದಲ್ಲೂ ಸಲೀಸಾಗಿ ಕೂತಿತು. ಆದರೆ ಆ ಚಾಚಿದ ತುದಿಗೆ ಏನನ್ನಬೇಕು? ‘ಕೊಂಬು’ ಎಂದು ಬರೆದು ನಾನೇ ನಕ್ಕೆ. ಕುದುರೆಗೆ ಕೊಂಬು ಮೂಡಿಸಿದ ಅಪಕೀರ್ತಿ ನನಗೆ ಬೇಡ.

ಗೊಂದಲ ತೀರಾ ಹೆಚ್ಚುವುದು ಫಿಟ್ಜ್ ಸ್ಪೆಷಲ್ ಎಂಬ ತಿದ್ದಿದ ರಿವಾಲ್ವರ್ ಬಂದಾಗ. ಕೋಲ್ಟ್ ಕಂಪನಿಯಲ್ಲಿದ್ದ ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್ ಕುದುರೆಯ ತುದಿಯನ್ನೂ ಕೊಯ್ಯುತ್ತಿದ್ದರು, ಟ್ರಿಗರಿನ ಸುತ್ತಲ ಬಳೆಯ ಮುಂಭಾಗವನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಕುದುರೆ ಎಂದರೆ ಟ್ರಿಗರ್ ಎಂದುಕೊಂಡವರು ಈ ವಾಕ್ಯ ಓದಿದರೆ ಗುಂಡು ಹಾರಿಸುವುದೇ ಅಸಾಧ್ಯವೆನ್ನುವ ಚಿತ್ರ ಕಣ್ಣಮುಂದೆ ಬರುತ್ತದೆ. (ಅವರು ನಳಿಗೆಯನ್ನೂ ಮೊಟಕು ಮಾಡುತ್ತಿದ್ದರು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯಿಲ್ಲದೆ ಅದಕ್ಕೆ ಬಿಡುವುದಿಲ್ಲ.)

ಇನ್ನು ಹಿಡಿ. ಕೊಡಲಿ, ಗುದ್ದಲಿಗೆ ಕಾವು. ಕತ್ತಿ, ಮಚ್ಚಿಗೆ ಹಿಡಿ. ಹಾಗಾಗಿ ರಿವಾಲ್ವರಿಗೆ ‘ಹಿಡಿ’ ಸಾಕು, ‘ಹಿಡಿಕೆ’ ಬೇಡ ಎನ್ನುವುದು ನನ್ನ ಮತ. ಆದರೆ ಇಲ್ಲಿ ಬದಲಾಗುವುದು ಇಡೀ ಹಿಡಿಯಲ್ಲ, ಲೋಹದ ಚೌಕಟ್ಟಿಗೆ ಎರಡೂ ಕಡೆಯಿಂದ ಸ್ಕ್ರೂ ಹಾಕಿ ಕೂರಿಸುವ ಮರದ ಅಥವಾ ರಬ್ಬರಿನ ತುಂಡುಗಳು. ಇವನ್ನು ‘ಹಿಡಿಪಟ್ಟಿ’ ಎಂದಿದ್ದೇನೆ. ಚಿಕ್ಕ ರಿವಾಲ್ವರಿನಲ್ಲಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಬೆರಳು ಕೆಳಗೆ ಜೋತಾಡುತ್ತದೆ. ಉದ್ದನೆಯ ರಬ್ಬರ್ ಪಟ್ಟಿ ಹಾಕಿಸಿದರೆ ಕೈಗೆ ಹಿತ, ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಪೆಟ್ಟೂ ಅಷ್ಟು ಬಡಿಯದು; ಆದರೆ ರಬ್ಬರು ಅಂಗಿಯ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ನುಣುಪು ಮರವಾದರೆ ಬಟ್ಟೆ ಜಾರುತ್ತದೆ, ಬೆವರಿದರೆ ಕೈಯೂ ಜಾರುತ್ತದೆ. ಟೈಲರ್ ಟಿ-ಗ್ರಿಪ್ ಎಂಬುದು ಪಟ್ಟಿಯೇ ಅಲ್ಲ, ಟ್ರಿಗರ್ ಬಳೆಯ ಹಿಂದಿನ ಸಂದಿಗೆ ತುಂಬುವ ಲೋಹದ ತುಂಡು. ಬರಾಮಿ ಹಿಪ್ ಗ್ರಿಪ್‌ನಲ್ಲಿ ಬಲಗಡೆಯ ಪಟ್ಟಿಗೇ ಕೊಕ್ಕೆಯಿದ್ದು, ಪ್ಯಾಂಟಿನ ಅಂಚಿಗೆ ತಗುಲಿಹಾಕಿದರೆ ರಿವಾಲ್ವರ್ ಇಡುವ ಚೀಲವೇ (ಹೋಲ್ಸ್ಟರ್) ಬೇಡ. ಹೆಸರಿನಲ್ಲಿ ಗ್ರಿಪ್ ಇದೆಯೆಂದು ಎಲ್ಲವನ್ನೂ ‘ಹಿಡಿ’ ಎನ್ನುವಂತಿಲ್ಲ ಎಂದು ಈ ಎರಡರಿಂದ ತಿಳಿಯಿತು. ಅವನ್ನು ‘ಸಂದುಗಟ್ಟು’, ‘ಕೊಕ್ಕೆಪಟ್ಟಿ’ ಎಂದರೆ ಹೇಗೆ?

ಕೊನೆಯದೊಂದು. ಅಂಗಿಯ ಮೇಲಿಂದ ಆಯುಧದ ಆಕಾರ ಎದ್ದು ಕಾಣುವುದನ್ನು ಅಲ್ಲಿ ‘ಪ್ರಿಂಟ್ ಆಗುವುದು’ ಎನ್ನುತ್ತಾರೆ. ‘ಅಚ್ಚಾಗುವುದು’ ಎಂದರೆ ಪುಸ್ತಕದ ನೆನಪು ಬರುತ್ತದೆ. ‘ಮೂಡುತ್ತದೆ’ ಎಂದು ಬರೆದಿದ್ದೇನೆ.

ಕೊಡಗು, ಚಿಕ್ಕಮಗಳೂರು, ಶಿರಸಿ ಕಡೆಯವರು, ಮನೆಯಲ್ಲಿ ಕೋವಿ ಇದ್ದವರು, ಕೋವಿ ರಿಪೇರಿಯವರ ಮಾತು ಕೇಳಿದವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಕುದುರೆ ಎಂದರೆ ಎತ್ತುವುದೋ, ಎಳೆಯುವುದೋ? ಎತ್ತುವುದಾದರೆ, ಹೆಬ್ಬೆರಳು ತಾಗುವ ಆ ತುದಿಗೆ ಬೇರೆ ಹೆಸರುಂಟೋ?