ಬಿ12 228 ಬಂದಿದೆ, ‘ನಾರ್ಮಲ್’ ಅಂತಾರೆ. ಮರೆವಿಗೂ ಇದಕ್ಕೂ ಸಂಬಂಧ ಇದೆಯಾ?

ತುಂಗಾತೀರ: ಅತ್ತೆಗೆ 71. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್. ಈಚೆಗೆ ಹೇಳಿದ್ದನ್ನೇ ಹೇಳ್ತಾರೆ, ಪಾದ ಜುಮ್ಮೆನ್ನುತ್ತೆ ಅಂತಾರೆ. ಬಿ12 228 ಪಿಕೋಗ್ರಾಂ, ಹಿಮೋಗ್ಲೋಬಿನ್ 11.2, ಎಂಸಿವಿ (ಕೆಂಪುಕಣಗಳ ಸರಾಸರಿ ಗಾತ್ರ) 84. ಬಿ12ಗೆ ಲ್ಯಾಬ್‌ನ ಕೆಳಮಿತಿ 200. ರಾಗಿ, ಸೊಪ್ಪು, ಬಾದಾಮಿ ಎಲ್ಲಾ ಕೊಡ್ತಿದ್ದೀವಿ. ಊಟದಲ್ಲಿ ಇನ್ನೇನು ಬದಲಿಸಬೇಕು?

ಲ್ಯಾಬ್‌ಮೂಲೆ: 200ರಿಂದ 300ರ ನಡುವೆ ಇರೋದು ‘ಸರಿ ಇದೆ’ ಅಂತಲ್ಲ, ‘ಹೇಳಲಾಗದು’ ಅಂತ. ಜೀವಕೋಶಕ್ಕೆ ಬಿ12 ಸಾಕಾಗ್ತಿದೆಯಾ ಅಂತ ತಿಳಿಯೋಕೆ ಹೋಮೊಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲ (ಬಿ12 ಸಾಲದಾದಾಗ ರಕ್ತದಲ್ಲಿ ಏರುವ ವಸ್ತುಗಳು) ನೋಡಬೇಕು. ಹೋಮೊಸಿಸ್ಟೀನ್ 15 ಮೈಕ್ರೋಮೋಲ್ ದಾಟಿದರೆ ಅನುಮಾನ ಗಟ್ಟಿ. ಆದರೆ ಕಿಡ್ನಿ ಸೋತರೂ, ಥೈರಾಯ್ಡ್ ಕಮ್ಮಿಯಾದರೂ, ಫೋಲೇಟ್ (ಬಿ9, ಮಾತ್ರೆಯಲ್ಲಿ ಫೋಲಿಕ್ ಆಸಿಡ್) ಕೊರತೆಯಲ್ಲೂ ಅದು ಏರುತ್ತೆ, ಕ್ರಿಯಾಟಿನಿನ್, ಟಿಎಸ್‌ಎಚ್ ಜೊತೆಗೇ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದ ಮೇಲೆ ಟ್ಯೂಬನ್ನು ಐಸ್‌ನಲ್ಲಿಟ್ಟು ಒಂದು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಹಾಗೇ ಬಿಟ್ಟರೆ ಕೆಂಪುಕಣಗಳಿಂದ ಹೋಮೊಸಿಸ್ಟೀನ್ ಸೋರಿ ರಿಪೋರ್ಟ್ ಸುಳ್ಳೇ ಹೆಚ್ಚು ತೋರಿಸುತ್ತೆ. ಮನೆಗೆ ಬಂದು ತಗೊಂಡು ಹೋಗೋ ಸ್ಯಾಂಪಲ್‌ಗಳಲ್ಲಿ ಇದೇ ತಪ್ಪು ಜಾಸ್ತಿ. ಬಿ12 ಮಾತ್ರೆ ಶುರುವಾಗೋ ಮೊದಲೇ ರಕ್ತ ಕೊಡಿ.

ಎಂಸಿವಿ 84 ನೋಡಿ ಸಮಾಧಾನ ಬೇಡ. ಬಿ12 ಕೊರತೆ ಕಣಗಳನ್ನು ದೊಡ್ಡದು ಮಾಡುತ್ತೆ, ಕಬ್ಬಿಣದ ಕೊರತೆ ಚಿಕ್ಕದು. ಎರಡೂ ಇದ್ದರೆ ಸರಾಸರಿ ನಡುವೆ ಬಂದು ಕೂರುತ್ತೆ. ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಅನ್ನೋದು), ಫೆರಿಟಿನ್ (ಕಬ್ಬಿಣದ ದಾಸ್ತಾನು) ನೋಡಿ.

ಸೊಪ್ಪುಸಾರು: ರಾಗಿ, ಸೊಪ್ಪು, ಬಾದಾಮಿಯಲ್ಲಿ ಬಿ12 ಇಲ್ಲ, ಒಂದು ಕಣವೂ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಸಿಗುತ್ತೆ ಅನ್ನೋದನ್ನು ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿರೋದು ಬಹುಪಾಲು ದೇಹಕ್ಕೆ ಉಪಯೋಗವಾಗದ ನಕಲಿ ರೂಪ. ಸಸ್ಯಾಹಾರಿಗೆ ಗತಿ ಹಾಲು-ಮೊಸರೇ. 100 ಮಿಲಿ ಹಾಲಿಗೆ ಸುಮಾರು 0.4 ಮೈಕ್ರೋಗ್ರಾಂ, ದಿನಕ್ಕೆ ಬೇಕಾದ್ದು ಸುಮಾರು 2.4. ಅಂದ್ರೆ ಅರ್ಧ ಲೀಟರ್‌ಗಿಂತ ಮೇಲೆ. ಕಾಫಿಗೆ ಬೀಳೋ ಹಾಲು ಯಾವ ಲೆಕ್ಕ!

ಇವರಿಗಂತೂ ಅದೂ ಸಾಲದು. ಆಹಾರದ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಬಿಡಿಸೋಕೆ ಹೊಟ್ಟೆಯ ಆಮ್ಲ ಬೇಕು. ಅದನ್ನೇ ಪ್ಯಾಂಟೊಪ್ರಜೋಲ್ ತಗ್ಗಿಸಿದೆ. ಮೆಟ್‌ಫಾರ್ಮಿನ್ ಸಣ್ಣಕರುಳಿನ ಕೊನೆಯಲ್ಲಿ ಬಿ12 ಹೀರುವಿಕೆಗೆ ಅಡ್ಡ ಬರುತ್ತೆ. ಹಾಗಂತ ಮೆಟ್‌ಫಾರ್ಮಿನ್ ನೀವಾಗೇ ನಿಲ್ಲಿಸಬೇಡಿ, ಸಕ್ಕರೆ ಏರಿದರೆ ಮಿದುಳಿಗೆ ಅದೂ ಪೆಟ್ಟೇ. ಪ್ಯಾಂಟೊಪ್ರಜೋಲ್ ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ತುಂಗಾತೀರ: ಮನೇಲಿ ಫೋಲಿಕ್ ಆಸಿಡ್ 5 ಮಿಗ್ರಾಂ ಇದೆ. ಶುರು ಮಾಡಲಾ?

ಲ್ಯಾಬ್‌ಮೂಲೆ: ಬೇಡ. ಬಿ12 ಇಲ್ಲದೆ ಫೋಲಿಕ್ ಆಸಿಡ್ ಮಾತ್ರ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತೆ, ನರದ ಹಾನಿ ಒಳಗೊಳಗೇ ಸಾಗುತ್ತೆ. ಬಿ12 ಮೊದಲು.

ನರಶಾಸ್ತ್ರ_ಹವ್ಯಾಸಿ: ದಿನಾ ಕೊಡೋ 1000 ಮೈಕ್ರೋಗ್ರಾಂ ಬಿ12 ಮಾತ್ರೆ ಯಾಕೆ ಅಷ್ಟು ದೊಡ್ಡದು ಅಂದರೆ, ಕರುಳು ಬಿ12 ಹೀರುವ ಮಾಮೂಲಿ ದಾರಿ ಒಂದು ಸಲಕ್ಕೆ 2 ಮೈಕ್ರೋಗ್ರಾಂಗೆ ತುಂಬಿಹೋಗುತ್ತೆ. ಉಳಿದದ್ದರಲ್ಲಿ ಶೇ. 1ರಷ್ಟು ತಾನಾಗೇ ಒಳಸೇರುತ್ತೆ, ಅದೇ ಸುಮಾರು 10 ಮೈಕ್ರೋಗ್ರಾಂ. ಆದರೆ ಪಾದ ಜುಮ್ಮೆನ್ನೋದು ನರಕ್ಕೆ ತಾಗಿದ ಲಕ್ಷಣ ಇರಬಹುದು, ಸಕ್ಕರೆ ಕಾಯಿಲೆಯಿಂದಲೂ ಬರುತ್ತೆ. ಕತ್ತಲಲ್ಲಿ ನಡೆಯುವಾಗ ತೂರಾಡಿದರೆ ಮಾತ್ರೆ ಬದಲು ಇಂಜೆಕ್ಷನ್‌ನಿಂದಲೇ ಶುರುಮಾಡೋದು ರೂಢಿ.

ಮರೆವಿನ ಬಗ್ಗೆ ನಿರೀಕ್ಷೆ ಮಿತವಾಗಿರಲಿ. ಕೊರತೆಯೇ ಕಾರಣವಾಗಿ ಬೇಗ ಸಿಕ್ಕಿದರೆ ತಿಳಿಯಾಗುತ್ತೆ. ಅಲ್‌ಝೈಮರ್ ಶುರುವಾಗಿದ್ದರೆ ಬಿ12 ಅದನ್ನು ಹಿಂದಿರುಗಿಸದು. 2010ರ ಆಕ್ಸ್‌ಫರ್ಡ್ ಪ್ರಯೋಗದಲ್ಲಿ ಎರಡು ವರ್ಷ ಬಿ ಜೀವಸತ್ವ ಕೊಟ್ಟಾಗ, ಹೋಮೊಸಿಸ್ಟೀನ್ ಹೆಚ್ಚಿದ್ದವರಲ್ಲಿ ಮಿದುಳು ಕುಗ್ಗುವ ವೇಗ ಅರ್ಧದಷ್ಟು ಇಳಿಯಿತು, ಕಡಿಮೆ ಇದ್ದವರಿಗೆ ಲಾಭ ಕಾಣಲಿಲ್ಲ. ಮಿದುಳಿಗೆ ಒಳ್ಳೆಯದೆಂದು ಸೊಪ್ಪು, ಬಾದಾಮಿಯಂಥ ಬೀಜಗಳಿಗೆ ಒತ್ತು ಕೊಡುವ ‘ಮೈಂಡ್’ ಆಹಾರಕ್ರಮವನ್ನೂ 604 ಜನರಲ್ಲಿ ಮೂರು ವರ್ಷ ಪರೀಕ್ಷಿಸಿದರು. 2023ರ ಫಲಿತಾಂಶದಲ್ಲಿ ಹೋಲಿಕೆಯ ಗುಂಪಿಗಿಂತ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಬಾದಾಮಿ ಎಣಿಸೋದಕ್ಕಿಂತ ಅವರ ಬಿಪಿ, ಕಿವಿ, ಕಣ್ಣು ಪರೀಕ್ಷಿಸೋದು ಮೇಲು. ಮೂರು ತಿಂಗಳ ಮೇಲೆ ಹೋಮೊಸಿಸ್ಟೀನ್ ಮತ್ತೆ ಮಾಡಿಸಿ. ಮಾತ್ರೆ ತಗೊಳ್ತಿರುವಾಗ ಬರಿ ಬಿ12 ಅಂಕಿ ಏರುವುದು ಸಹಜ, ಅದೊಂದನ್ನೇ ನೋಡಿದರೆ ಏನೂ ತಿಳಿಯದು.